ನೆಟ್ಟಗಾದ ದವಡೆ

ನನ್ನ ತಮ್ಮನ ದವಡೆ ಸೊಟ್ಟಗಾಗಲು ಕಾರಣ ನಾನು. ಅರವತ್ತು ವರ್ಷ ಅದನ್ನು ಮುಚ್ಚಿಟ್ಟು, ಹೋದ ವರ್ಷ ಒಂದು ಸುಳ್ಳು ಹೇಳಿ ನೆಟ್ಟಗೆ ಮಾಡಿಸಿದವನೂ ನಾನೇ. ಎರಡರಲ್ಲಿ ಯಾವುದು ಭಾರ? ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಜೀವಮಾನವಿಡೀ ಶೇಂಗಾ ಮೂಟೆ ತೂಗಿಸಿದವನಿಗೆ ಇದನ್ನು ತೂಗಲು ಬರುತ್ತಿಲ್ಲ.

ತಮ್ಮ ಓಬಣ್ಣನಿಗೆ ಆಗ ಐದೋ ಆರೋ ವರ್ಷ. ಸಿದ್ದಾಪುರದ ನಮ್ಮ ಹಟ್ಟಿಯ ಹಿಂದಿನ ಬಂಡೆಯ ಮೇಲೆ ಯಾರು ಮೊದಲು ಕೂರಬೇಕೆಂಬ ಘನವಾದ ವಿಷಯಕ್ಕೆ ಜಗಳ. ನೂಕಿದೆ. ಅವನ ಗದ್ದ ಕಲ್ಲಿಗೆ ಬಡಿಯಿತು. "ಜಾರಿ ಬಿದ್ದ, ಅವ್ವ" ಎಂದೆ. ಅವ್ವ ಸುಣ್ಣ-ಅರಿಸಿನ ಮೆತ್ತಿದಳು, ಬಾವು ಇಳಿಯಿತು. ಅವನಿಗದು ನೆನಪಿಲ್ಲ. ಬೆಳೆಯುತ್ತ ಗದ್ದ ಮಾತ್ರ ಬಲಕ್ಕೆ ವಾಲಿತು. ಊರು 'ಸೊಟ್ಟೋಬ' ಎಂದು ನಾಮಕರಣ ಮಾಡಿತು. ನಾನೂ ಹಾಗೇ ಕರೆದೆ — ಹೌದು, ನಾನೂ.

ಹೋದ ವರ್ಷ ಕುರಿಯೊಂದರ ಗೊರಸಿನ ಮುಳ್ಳು ತೆಗೆಯಲು ಅವನು ಬಗ್ಗಿದ್ದಾಗ ಟಗರು ಗುದ್ದಿ ಎಡಗಡೆಯ ದವಡೆ ಮುರಿಯಿತು. ದೊಡ್ಡ ಆಸ್ಪತ್ರೆಗೆ ಒಯ್ದೆ. ಅಲ್ಲಿನ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಅವನ ಬುರುಡೆಯನ್ನು ಬೇಕಾದ ಕಡೆಗೆಲ್ಲ ತಿರುಗಿಸಿ ತೋರಿಸಿದರು. ಮುರಿದ ಮೂಳೆಯನ್ನು ಮೊದಲು ಪರದೆಯ ಮೇಲೇ ಜೋಡಿಸುವುದಂತೆ. ಆ ಅಳತೆಗೆ ಯಂತ್ರ ಪ್ಲಾಸ್ಟಿಕ್ ದವಡೆಯೊಂದನ್ನು ಅಚ್ಚು ಹಾಕಿ ಕೊಡುವುದಂತೆ. ಅದಕ್ಕೆ ಸರಿಯಾಗಿ ಲೋಹದ ಪಟ್ಟಿ ಬಗ್ಗಿಸಿಕೊಂಡು ಆಪರೇಷನ್ನಿಗೆ ಇಳಿಯುವುದಂತೆ. ಸಕಲವೂ ಅರಿತವನಂತೆ ತಲೆಯಾಡಿಸಿದೆ.

ಆಮೇಲೆ ಆಕೆ ಪರದೆಯಲ್ಲಿ ಬಲಗಿವಿಯ ಹತ್ತಿರದ ಕೀಲನ್ನು ದೊಡ್ಡದು ಮಾಡಿದರು.

"ಯಜಮಾನ್ರೇ, ಇದು ಹಳೇ ಏಟಿನ ಥರ ಕಾಣುತ್ತೆ. ಚಿಕ್ಕವರಿದ್ದಾಗ ಬಿದ್ದಿದ್ರಾ? ಗದ್ದ ಮೊದಲೇ ವಾಲಿತ್ತಾ? ಹಲ್ಲುಗಳೂ ಉಳಿದಿಲ್ಲ, ಅಂದಾಜಿಗೆ ನಿಮ್ಮ ಮಾತೇ ಆಧಾರ. ವಾಲಿದ್ರೆ ಹಾಗೇ ಕೂರಿಸ್ತೀವಿ, ಇಲ್ಲಾಂದ್ರೆ ಎರಡೂ ಕಡೆ ಸಮ ಮಾಡ್ತೀವಿ."

ಬಾಯಿಗೆ ಕಟ್ಟು ಹಾಕಿಸಿಕೊಂಡಿದ್ದ ಓಬಣ್ಣ ನನ್ನತ್ತ ಕೈ ತೋರಿಸಿದ. ನಮ್ಮ ಹಟ್ಟಿಯಲ್ಲಿ ಅಣ್ಣ ಎದುರಿಗಿರುವಾಗ ತಮ್ಮ ಉತ್ತರ ಕೊಡುವುದಿಲ್ಲ — ಪ್ರಶ್ನೆ ಅವನದೇ ದವಡೆಯ ಬಗ್ಗೆ ಇದ್ದರೂ.

"ನೆಟ್ಟಗೇ ಇತ್ತು ಮೇಡಂ. ಎಲ್ಲಾ ಆ ಟಗರಿನ ಕೆಲ್ಸ" ಎಂದೆ.

ಟಗರು ಮೂಕಪ್ರಾಣಿ, ತಕರಾರು ಹೇಳಲಿಲ್ಲ. ಯಾಕೆ ಹಾಗೆಂದೆ? ತಮ್ಮನ ಮುಖ ಚೆಂದವಾಗಲೆಂದೇ, ಅಥವಾ ನನ್ನ ಗುರುತು ಅಳಿಯಲೆಂದೇ... ಆ ಗಳಿಗೆಯಲ್ಲಿ ಎರಡೂ ಒಂದೇ ಅನ್ನಿಸಿತ್ತು. ಈಗ ಬಿಡಿಸಿ ನೋಡಲು ಕೂತರೆ ಕೈಗೆ ಸಿಗುತ್ತಿಲ್ಲ.

ಗದ್ದ ನೆಟ್ಟಗಾಯಿತು. ಮೊಳಕಾಲ್ಮೂರಿನ ಸಂತೆಯಲ್ಲಿ ಓಬಣ್ಣ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ: "ಸೊಟ್ಟೋಬ ಅನ್ನಿಸ್ಕೊಂಡು ಸಾಯಬಾರ್ದು ಅಂತ ನಮ್ಮಣ್ಣ ಡಾಕ್ಟರಿಗೇ ಸುಳ್ಳೇಳಿದ ಕಣ್ರಲೇ!" ಎದುರಿಗೇ ನಿಂತಿದ್ದೆ. ಜನ ನನಗೆ ಕೈ ಮುಗಿದರು. ನಾನೂ ತಿರುಗಿ ಮುಗಿದೆ. ಇನ್ನೇನು ಮಾಡಲಿ?

ಆದರೆ ಸಿಳ್ಳೆ ಹೋಯಿತು. ಆ ವಾರೆ ಬಾಯಿಯ ಒಂದು ಮೂಲೆಯಿಂದ ಅವನು ಹೊಡೆಯುತ್ತಿದ್ದ ಸಿಳ್ಳೆಗೆ ಗುಡ್ಡದಾಚೆಯ ಕುರಿಯೂ ತಿರುಗುತ್ತಿತ್ತು. ಈಗ ಬರೀ ಗಾಳಿ. ಮಂದೆ ಅವನನ್ನು ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯನ್ನು ನೋಡಿದಂತೆ ನೋಡಿ ಮತ್ತೆ ಮೇಯಲು ತೊಡಗುತ್ತದೆ. ಕೂಗಿ ಕೂಗಿ ಗಂಟಲು ಕಟ್ಟಿ, ಈಗ ಕುರಿಗಳನ್ನು ಹೆಂಡತಿಯ ಜೊತೆ ಕಳಿಸಿ ಅವನು ಹಟ್ಟಿಯಲ್ಲೇ ಕೂರುತ್ತಾನೆ. ನೆಟ್ಟಗಿನ ಮುಖ ಹೊತ್ತುಕೊಂಡು.

ಮೊನ್ನೆ ಹೋದಾಗ ತಲೆ ತಗ್ಗಿಸಿ ಕೇಳಿದ: "ಅಣ್ಣ, ಬೇಜಾರು ಮಾಡ್ಕೋಬ್ಯಾಡ. ನೀನು ಆಸೆಪಟ್ಟು ಮಾಡ್ಸಿದ್ದು, ಗೊತ್ತೈತೆ. ಮದ್ಲಿನಂಗೇ ಸೊಟ್ಟ ಮಾಡಾಕೆ ಆಗುತ್ತೇನೋ ಆಯಮ್ಮನ್ನ ಒಂದು ಮಾತು ಕೇಳ್ತೀಯಾ?"

ನನ್ನ ಬಾಯಿಗೆ ಯಾವ ಕಟ್ಟೂ ಇರಲಿಲ್ಲ. ಆದರೂ "ಕೇಳೋಣ" ಎಂದಷ್ಟೇ ಹೇಳಿ ಎದ್ದು ಬಂದೆ.

ಸೋಮವಾರ ತಪಾಸಣೆಗೆ ಕರೆದೊಯ್ಯಬೇಕು. ಬಂಡೆಯ ವಿಷಯ ಹೇಳಿಬಿಡುತ್ತೇನೆ — ಬಸ್ಸಿನಲ್ಲಲ್ಲ, ಡಾಕ್ಟರಮ್ಮನ ಎದುರಿಗೆ. ನಾವಿಬ್ಬರೇ ಇದ್ದರೆ ನನ್ನ ಮಾತು ಮುಗಿಯುವ ಮೊದಲೇ ಅವನು ಕ್ಷಮಿಸಿಬಿಡುತ್ತಾನೆ. ಅಷ್ಟು ಸುಲಭದಲ್ಲಿ ನಾನು ತಪ್ಪಿಸಿಕೊಳ್ಳಬಾರದು.