ಕನ್ನಡಿ ಮಾವನ ನೆಟ್ಟ ನೋಟ

ಬಸ್ ಡಿಪೋದಲ್ಲಿ ಅವರನ್ನು ಎಲ್ಲರೂ ಕನ್ನಡಿ ಮಾವ ಎಂದೇ ಕರೆಯುತ್ತಿದ್ದರು. ತಲೆ ಬಾಚಿಕೊಳ್ಳುವ ಹುಚ್ಚಿಗಲ್ಲ; ಬಾಚಲು ಅಲ್ಲಿ ಕೂದಲಿದ್ದರೆ ತಾನೇ! ಸ್ಟಿಯರಿಂಗ್ ಹಿಡಿದರೆಂದರೆ ಅವರ ಕಣ್ಣು ಎಡಗನ್ನಡಿ, ರಸ್ತೆ, ಬಲಗನ್ನಡಿ, ಮತ್ತೆ ರಸ್ತೆ ಎಂದು ಸುತ್ತುತ್ತಲೇ ಇರುತ್ತಿತ್ತು. "ಒಂದೇ ಕಡೆ ದಿಟ್ಟಿಸೋನು ಡ್ರೈವರ್ ಅಲ್ಲಪ್ಪ, ಗೊಂಬೆ," ಎಂದು ಹೊಸಬರನ್ನು ಗದರುತ್ತಿದ್ದರು. ಅವರ ಕೈಯಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ಹೆಮ್ಮೆ ತುಸು ಜಾಸ್ತಿಯೇ ಇತ್ತು, ಇರಬೇಕಾದದ್ದೇ.

ಕನ್ನಡಕ ಬದಲಿಸಲು ಹೋದಾಗ ಡಾಕ್ಟರಮ್ಮ, ಕಣ್ಣಿನೊಳಗಿನ ಒತ್ತಡ ಹೆಚ್ಚಿದೆ, ಗ್ಲಾಕೋಮಾ ಇರಬಹುದು ಎಂದರು. ನೋವಿಲ್ಲದೆ, ಸದ್ದಿಲ್ಲದೆ ನೋಟವನ್ನು ಅಂಚಿನಿಂದ ತಿನ್ನುವ ರೋಗ ಅದು. ಎಷ್ಟು ತಿಂದಿದೆ ಎಂದು ತಿಳಿಯಲು ಒಂದು ಪರೀಕ್ಷೆ. ಒಂದು ಕಣ್ಣು ಮುಚ್ಚಿ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರಕ್ಕೆ ಗದ್ದ ಊರಿ, ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಷ್ಟೇ.

ಅಷ್ಟೇ ಆಗಿದ್ದರೆ ಈ ಕಥೆ ಯಾಕೆ? ಮೊದಲ ಸಲ ಬಂದ ಚಿತ್ರದಲ್ಲಿ ಅರ್ಧಕ್ಕರ್ಧ ಕಪ್ಪು, ಅಂದರೆ ಅಷ್ಟೂ ಕಡೆ ನೋಟವಿಲ್ಲ. ಮಾವ ಕಂಗಾಲಾದರು. ಎರಡನೆಯ ಸಲ ಹೆಚ್ಚುಕಡಿಮೆ ಬೆಳ್ಳಗೆ. ಮಾವ ಹಿರಿಹಿರಿ ಹಿಗ್ಗಿದರು.

ಡಾಕ್ಟರಮ್ಮ ಮಾತ್ರ ಎರಡನ್ನೂ ಪಕ್ಕಕ್ಕಿಟ್ಟರು. "ಸುಸ್ತಾಗಿದ್ರೆ, ನಿದ್ದೆಗೆಟ್ಟಿದ್ರೆ, ಅಭ್ಯಾಸ ಇಲ್ದಿದ್ರೆ ಇದು ಒಂದೊಂದ್ ಸಲ ಒಂದೊಂದ್ ಥರ ಬರುತ್ತೆ. ಅದು ಎಲ್ರಿಗೂ ಆಗೋದೇ. ಆದ್ರೆ ನಿಮ್ಮ ಕಣ್ಣು ಚುಕ್ಕೆ ಮೇಲೆ ನಿಂತೇ ಇಲ್ಲ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಏನು ಹುಡುಕ್ತಿದ್ರಿ?"

"ಕನ್ನಡಿ," ಎಂದರು ಮಾವ ತಲೆ ತಗ್ಗಿಸಿ.

"ಇನ್ನೊಂದ್ ಸಲ ಮಾಡೋಣ. ಅಲ್ಲೀವರೆಗೂ ಬಸ್ ಬೇಡ."

ಮನೆಯಲ್ಲಿ ಹೆಂಡತಿ ಸುಲಭದ ದಾರಿ ತೋರಿಸಿದರು: "ಬೆಳ್ಳಗಿರೋದನ್ನ ಡಿಪೋಗೆ ಕೊಟ್ಟು ಸುಮ್ನಿರಿ. ಯಾರು ಕೇಳ್ತಾರೆ?" ಮಾವನಿಗೂ ಆಸೆಯಾಯಿತು. ಬಸ್ಸು ಬಿಟ್ಟರೆ ತಾನು ಯಾರೆಂಬುದೇ ಅವರಿಗೆ ಗೊತ್ತಿರಲಿಲ್ಲ. ಆದರೆ ಅಲ್ಲಾಡುವ ಕನ್ನಡಿಯನ್ನು ನಂಬಿ ಬಸ್ಸನ್ನು ಹಿಂದಕ್ಕೆ ತೆಗೆದವರಲ್ಲ ಅವರು.

"ನೀನು ಎದುರಿಗೆ ಕೂತ್ಕೋ. ನಿನ್ನ ಮೂಗು ನೋಡ್ಕೊಂಡೇ ಅಭ್ಯಾಸ ಮಾಡ್ತೀನಿ," ಎಂದರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಸಂಜೆ ಅಡುಗೆಮನೆಯಲ್ಲಿ ಆಕೆ ಬೀನ್ಸ್ ಬಿಡಿಸುತ್ತ ಕೂರುವುದು, ಮಾವ ಸ್ಟೂಲಿನ ಮೇಲೆ ಕೂತು ಮೂಗು ದಿಟ್ಟಿಸುವುದು. ಹೊರಗೆ ಹಾರನ್ ಕೇಳಿದರೆ ಸಾಕು, ಕಣ್ಣು ಕಿಟಕಿಗೆ ಹಾರುತ್ತಿತ್ತು. ತಕ್ಷಣ ಬೀನ್ಸಿನ ತೊಟ್ಟು ಹಾರಿ ಬಂದು ಅವರ ಹಣೆಗೆ ಬೀಳುತ್ತಿತ್ತು.

"ಮದ್ವೆಯಾದಾಗಿಂದ ನನ್ನ ಮುಖ ಇಷ್ಟೊತ್ತು ನೋಡಿದ್ದುಂಟಾ?"

"ನಿನ್ನ ಹುಬ್ಬಿನ ಹತ್ರ ಮಚ್ಚೆ ಇದ್ಯಲ್ಲ, ಅದು ಯಾವಾಗ ಬಂತು?"

"ನಾನು ಹುಟ್ಟಿದಾಗ!"

ಮಾವನಿಗೆ ನಿಜಕ್ಕೂ ನಾಚಿಕೆಯಾಯಿತು. ಊರಿನವರನ್ನೆಲ್ಲ ಕನ್ನಡಿಯಲ್ಲಿ ನೋಡಿದ್ದರು, ಎದುರಿಗಿದ್ದವಳನ್ನು ನೋಡಿರಲಿಲ್ಲ.

ಮೂರನೆಯ ಪರೀಕ್ಷೆಯಲ್ಲಿ ಹಳದಿ ಚುಕ್ಕೆಯನ್ನೇ ಹೆಂಡತಿಯ ಮೂಗೆಂದುಕೊಂಡರು. ಕಣ್ಣು ಕದಲಲಿಲ್ಲ. ಡಾಕ್ಟರಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದನ್ನ ನಂಬಬಹುದು. ಅವತ್ತು ಕಣ್ಣಿನ ನರದ ಚಿತ್ರ ತೆಗೆದಿದ್ವಲ್ಲ, ಅದಕ್ಕೂ ತಾಳೆ ಆಗ್ತಿದೆ. ಎರಡೂ ಕಣ್ಣಲ್ಲಿ ಕೆಳಭಾಗದ ನೋಟ ಹೋಗಿದೆ. ಸದಾ ಕಣ್ಣಾಡಿಸ್ತಿದ್ರಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಕೆ ಡ್ರಾಪ್ಸ್ ಬಿಡದೆ ಹಾಕ್ಕೊಳಿ. ಬಸ್ ಮಾತ್ರ ಇನ್ನು ಆಗಲ್ಲ."

ಹೊಟ್ಟೆ ಉರಿಯುವ ಮಾತೇ. ಕಣ್ಣು ನಿಲ್ಲಿಸುವುದನ್ನು ಕಷ್ಟಪಟ್ಟು ಕಲಿತದ್ದಕ್ಕೆ ಸಿಕ್ಕ ಬಹುಮಾನ ಇದು! ಆದರೆ ಬಸ್ಸಿನ ಮೂತಿಗೆ ಅಡ್ಡ ಬರಬಹುದಾದ, ತನಗೆ ಕಾಣದೇ ಹೋಗುವ ಯಾವುದೋ ಮಗು ಮಾವನ ಮನಸ್ಸಿಗೆ ಬಂದಿತ್ತು. ನೇರ ಡಿಪೋಗೆ ಹೋಗಿ ವಿಷಯ ಹೇಳಿದರು. ತಮ್ಮ ಬಸ್ಸಿನ ಎರಡೂ ಕನ್ನಡಿ ಒರೆಸಿದರು, ಮನೆಗೆ ಬಂದರು.

ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ಬಸ್ಸು ಬಿಟ್ಟೆ," ಎಂದರು. ಬೀನ್ಸ್ ಬಿಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಮಾವನ ಕಣ್ಣು ಕಿಟಕಿಗೆ ಹೋಗಲಿಲ್ಲ.

"ಪರೀಕ್ಷೆ ಮುಗೀತಲ್ಲ," ಎಂದರು ಆಕೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ಇನ್ನೂ ಯಾಕೆ ಹಾಗ್ ನೋಡ್ತೀರಿ?"

"ಏನ್ ಮಾಡ್ಲಿ ಕಣೆ," ಎಂದರು ಮಾವ. "ರೂಢಿಯಾಗೋಯ್ತು."