ಧಾರಾವಾಹಿ ನಿಲ್ಲಿಸುತ್ತಿದ್ದ ಗಿರಿಜಮ್ಮ

ಗಿರಿಜಮ್ಮನವರು ಟೀವಿಯ ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಹಿಂದಿನ ಕಾಲದ ಹೆಂಗಸರು ಎಲೆಅಡಿಕೆಯ ಚೀಲ ಸಿಕ್ಕಿಸಿಕೊಳ್ಳುತ್ತಿದ್ದ ಜಾಗದಲ್ಲಿ, ಸೀರೆಯ ನೆರಿಗೆಗೆ ಒತ್ತಿಕೊಂಡಂತೆ, ಆ ಕಪ್ಪು ರಿಮೋಟು ಇರುತ್ತಿತ್ತು. ತಳ್ಳುಗಾಡಿಯ ಹತ್ತಿರ ಸೊಪ್ಪು ಆರಿಸುವಾಗಲೂ ಅದು ಅಲ್ಲೇ, ತಾರಸಿಯ ಮೇಲೆ ಹಪ್ಪಳ ಹರವುವಾಗಲೂ ಅಲ್ಲೇ. ಒಮ್ಮೆ ನಮ್ಮ ಬಡಾವಣೆಯ ಗಣಪತಿ ಗುಡಿಯಲ್ಲಿ ಮಂಗಳಾರತಿಗೆ ಬಗ್ಗಿದಾಗ ಜಾರಿ ಕೆಳಗೆ ಬಿತ್ತು. ಅರ್ಚಕರು ಅದನ್ನು ಎತ್ತಿಕೊಟ್ಟು, "ಇದಕ್ಕೂ ಒಂದು ಅರ್ಚನೆ ಆಗ್ಬೇಕೇನಮ್ಮ?" ಎಂದು ಕೇಳಿದರು.

"ಮಾಡ್ಬುಡಿ ಸ್ವಾಮಿ," ಎಂದರು ಗಿರಿಜಮ್ಮ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ. "ನಿಲ್ಸೋ ಬಟನ್ನು ಗಟ್ಟಿಯಾಗಿ ಒತ್ತಿದ್ರೇನೇ ಕೇಳೋದು."

ನಾವು ಶ್ರೀರಾಂಪುರದಲ್ಲಿ ಮನೆ ಕಟ್ಟಿಕೊಂಡು ಬಂದಾಗ ಪಕ್ಕದ ಮನೆ ಅವರದಾಗಿತ್ತು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು ಎಂದು ಗೊತ್ತಾದ ದಿನದಿಂದ ನನ್ನ ಹೆಸರು ಅವರ ಬಾಯಲ್ಲಿ ಟೀಚರಮ್ಮ ಎಂದಾಯಿತು. ಗಿರಿಜಮ್ಮ ತಿ. ನರಸೀಪುರದ ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು. ಮಾತು ಜೋರು, ಕೈ ಅದಕ್ಕಿಂತ ಜೋರು. ಮನೆಯಲ್ಲೇ ಚಪಾತಿ ಮಾಡಿ ಸುತ್ತಮುತ್ತಲ ಹಾಸ್ಟೆಲುಗಳಿಗೆ ಕಳಿಸುತ್ತಿದ್ದರು. ಅವರ ಯಜಮಾನರು ನಂಜುಂಡಪ್ಪನವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಬೆಳಗಿನ ಜಾವ ಹೋಗಿ ಮಧ್ಯಾಹ್ನ ಮನೆಗೆ ಬಂದರೆ, ಮಂಡಿಯಲ್ಲಿ ಬಳಸಿದ ಕಂಠವನ್ನು ಇಳಿಸಲು ಮರೆತವರಂತೆ, ಊಟಕ್ಕೆ ನೀರು ಕೇಳಿದರೂ ನಮ್ಮ ಮನೆಗೆ ಕೇಳಿಸುತ್ತಿತ್ತು.

ಗಿರಿಜಮ್ಮನವರಿಗೆ ಧಾರಾವಾಹಿಯೆಂದರೆ ಪ್ರಾಣ. ಆದರೆ ಒಳ್ಳೊಳ್ಳೆಯ ಧಾರಾವಾಹಿಗಳೆಲ್ಲ ಬರುವುದು ಸಂಜೆ. ಹಾಸ್ಟೆಲಿನ ಚಪಾತಿ ಬೇಯುವುದೂ ಸಂಜೆಯೇ. ಅದಕ್ಕೆಂದೇ ಅವರು ತಾರಸಿಯ ಮೇಲಿನ ಡಿಶ್ಶಿಗೆ ಹೊಂದುವ ಒಂದು ರೆಕಾರ್ಡರ್ ಪೆಟ್ಟಿಗೆ ತರಿಸಿದ್ದರು. ಬೇಕಾದ ಕಾರ್ಯಕ್ರಮವನ್ನು ಅದು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಬಿಡುವಾದಾಗ ನೋಡಬಹುದು, ನಡುವೆ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಬಹುದು. ಇದರಿಂದ ಬೀದಿಗೆ ಒಂದು ಹೊಸ ಕಷ್ಟ ಬಂತು. ಸಂಜೆಯ ಕಂತನ್ನು ಗಿರಿಜಮ್ಮ ನೋಡುತ್ತಿದ್ದುದು ಮಾರನೆಯ ದಿನ ಮಧ್ಯಾಹ್ನ. ಅಲ್ಲಿಯವರೆಗೆ ಅವರೆದುರು ಯಾರೂ ಕತೆಯ ಸುದ್ದಿ ಎತ್ತುವಂತಿರಲಿಲ್ಲ. ಹೂವಿನ ಜಯಮ್ಮ ಬೆಳಿಗ್ಗೆ ಮಲ್ಲಿಗೆ ಅಳೆಯುತ್ತಾ, "ಅಕ್ಕ, ನೆನ್ನೆ ಆ ಹುಡುಗಿ..." ಎಂದು ಶುರು ಮಾಡಿದರೆ ಸಾಕು, ಇವರು ಎರಡೂ ಕಿವಿ ಮುಚ್ಚಿಕೊಂಡು, "ಹೇಳ್ಬುಟ್ರೆ ನೋಡ್ಕೋ ಜಯೀ, ನಾಳೆಯಿಂದ ನಿನ್ ಹತ್ರ ಹೂವೇ ತಗಳಲ್ಲ!" ಎಂದು ಕೂಗಿ ಒಳಗೆ ಓಡುತ್ತಿದ್ದರು.

ಹೀಗೆ ಸುಖವಾಗಿದ್ದ ಮನೆಯಲ್ಲಿ ಒಂದು ದಿನ ನಂಜುಂಡಪ್ಪನವರು ಮಂಡಿಯಲ್ಲೇ ಕುಸಿದುಬಿದ್ದರು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗಾಲಿಗೆ ಒಂದಿಷ್ಟು ಶಕ್ತಿ ಬಂದಿತ್ತು, ಬಲಗೈಗೆ ಬಂದಿರಲಿಲ್ಲ. ಮಾತು ಪೂರ್ತಿ ಹೋಗಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕಾದ್ದು ಮಾತ್ರ ಗಂಟಲಿನ ತನಕ ಬಂದು, "ಅದು... ಅದು..." ಎಂಬಲ್ಲಿಗೆ ಮುಗಿದುಹೋಗುತ್ತಿತ್ತು. ಒಂದು ಲೋಟ ನೀರು ಬೇಕೆಂದು ಹೇಳಲಾಗದೆ ಆ ಮನುಷ್ಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದಳು. ದಿನಾ ತೋರಿಸಿ ಹೆಸರು ಹೇಳಿಸಬೇಕು, ಅವಸರ ಮಾಡಬಾರದು, ಅವರ ಮಾತನ್ನು ನಾವು ಮುಗಿಸಿಕೊಡಬಾರದು. ಗಿರಿಜಮ್ಮ ಶ್ರದ್ಧೆಯಿಂದ ಹಸು ತೋರಿಸಿದರು, ಕೊಡೆ ತೋರಿಸಿದರು. ನೂರು ಜನ ವ್ಯಾಪಾರಿಗಳ ನಡುವೆ ನಿಂತು ಕೂಗುತ್ತಿದ್ದವರು ಎಡಗೈಯಿಂದ ಆ ಕಾರ್ಡುಗಳನ್ನು ತಳ್ಳಿ ನೆಲಕ್ಕೆ ಚೆಲ್ಲಿದರು. ಮತ್ತೆ ತೋರಿಸಿದರೆ ಮತ್ತೆ ಚೆಲ್ಲಿದರು.

"ಸಿಟ್ಟಲ್ಲ ಟೀಚರಮ್ಮ, ಅವಮಾನ," ಎಂದರು ಗಿರಿಜಮ್ಮ, ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು. "ಎಂಗೆ ಮಾಡ್ಲಿ ಹೇಳಿ. ನಾನಾದ್ರೂ ಅಂಗೇ ಬಿಸಾಕ್ತಿದ್ದೆ."

ಆ ಮೇಲೆ ನಡೆದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಆ ದಿನಗಳಲ್ಲಿ ಒಂದು ಹಾಸ್ಯದ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಒಂದು ತುಂಬಿದ ಮನೆ, ಅದರಲ್ಲೊಬ್ಬ ಮುಂಗೋಪಿ ತಾತ. ಯಾರೇ ಹೊರಗೆ ಹೋಗಲಿ, ತಾತ ಕುರ್ಚಿಯಲ್ಲೇ ಕೂತು, "ಯಾರಪ್ಪಾ ಅದು, ಬಾಗಿಲು ಹಾಕದೆ ಹೋದೋರು?" ಎಂದು ಕೂಗುತ್ತಾನೆ. ಪ್ರತಿ ಕಂತಿನಲ್ಲೂ ಈ ಮಾತು ಇದ್ದೇ ಇರುತ್ತದೆ. ನನಗೆ ಶಾಲೆ ರಜೆಯಿದ್ದ ಒಂದು ಮಧ್ಯಾಹ್ನ ಗಿರಿಜಮ್ಮ ಅದನ್ನು ಹಾಕಿಕೊಂಡು ಕೂತಿದ್ದಾಗ ಒಳಗೆ ಕುಕ್ಕರು ಕೂಗಿತು. ತಾತ "ಯಾರಪ್ಪಾ ಅದು, ಬಾಗಿಲು ಹಾಕದೆ" ಎನ್ನುವಷ್ಟರಲ್ಲಿ ರಿಮೋಟು ಒತ್ತಿ ಎದ್ದು ಹೋದರು. ಪರದೆಯ ಮೇಲೆ ತಾತ ಬಾಯಿ ತೆರೆದುಕೊಂಡು ನಿಂತ. ಅಡುಗೆಮನೆ ಮುಟ್ಟುವ ಮೊದಲೇ ಹಾಲಿನಿಂದ ಒಂದು ದನಿ ಬಂತು.

"ಹೋದೋರು."

ಕುಕ್ಕರು ಕೂಗುತ್ತಲೇ ಇತ್ತು. ಗಿರಿಜಮ್ಮ ಸೆರಗು ಹಾರಿಸಿಕೊಂಡು ನಮ್ಮ ಮನೆಗೆ ಓಡಿಬಂದರು. "ಮಾತಾಡ್ಬುಟ್ರು ಟೀಚರಮ್ಮ! ಬನ್ನಿ, ಬನ್ನಿ!" ನಾನು ಹೋದೆ. ಅವರು ಮೊದಲು ಒಲೆ ಆರಿಸಿ, ಆಮೇಲೆ ಧಾರಾವಾಹಿಯನ್ನು ಹಿಂದಕ್ಕೆ ತಿರುಗಿಸಿ, ಅದೇ ಜಾಗದಲ್ಲಿ ನಿಲ್ಲಿಸಿದರು. ನಂಜುಂಡಪ್ಪನವರು ನನ್ನನ್ನು ನೋಡಿದರು, ಟೀವಿ ನೋಡಿದರು, ಆಮೇಲೆ ಕಿಟಕಿ ನೋಡುತ್ತಾ ಕೂತುಬಿಟ್ಟರು. ಒಂದಕ್ಷರವೂ ಹೊರಬರಲಿಲ್ಲ. ಗಿರಿಜಮ್ಮ ನನ್ನನ್ನು ಗೇಟಿನವರೆಗೆ ಬಿಡಲು ಬಂದು, "ನಿಮ್ಮುನ್ನ ಕಂಡು ನಾಚ್ಕೊಂಡ್ರು ಕಣಮ್ಮ," ಎಂದು ಪಿಸುಗುಟ್ಟಿದರು. ಅವರ ಕಣ್ಣು ತುಂಬಿತ್ತು. ಅವರು ಸುಳ್ಳು ಹೇಳುತ್ತಿಲ್ಲ ಎಂಬುದು ಆ ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಅಲ್ಲಿಂದ ಶುರುವಾಯಿತು ಅವರ ಪಾಠ. ಕಾರ್ಡುಗಳು ಕಪಾಟು ಸೇರಿದವು. ಮಧ್ಯಾಹ್ನದ ಊಟವಾದ ಮೇಲೆ ಗಂಡನನ್ನು ಟೀವಿಯ ಮುಂದೆ ಕೂರಿಸಿ, ಪಕ್ಕದಲ್ಲಿ ಗೋಧಿಹಿಟ್ಟಿನ ಪರಾತ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಮಾತು ಓಡಿಸುವುದು, ಕೊನೆಯ ಪದಕ್ಕೆ ಮೊದಲು ನಿಲ್ಲಿಸುವುದು, ಹಿಟ್ಟು ನಾದುತ್ತಾ ಕಾಯುವುದು. ಬಾರದಿದ್ದರೆ ಹಿಂದಕ್ಕೆ ತಿರುಗಿಸುವುದು. ಗಂಡನ ಮುಖವನ್ನು ನೋಡುತ್ತಲೇ ಇರಲಿಲ್ಲ. ನೋಡಿದರೆ ಅವರಿಗೆ ಮುಜುಗರವಾಗುತ್ತದೆಂದು ಹಿಟ್ಟನ್ನೇ ನೋಡುತ್ತಿದ್ದರು. ರಿಮೋಟು ಸೊಂಟ ಸೇರಿದ್ದು ಆಗಲೇ. ಯಾವ ಹೊತ್ತಿಗೆ ಅವರ ಬಾಯಿಂದ ಏನು ಹೊರಡುತ್ತದೋ, ಆಗ ರಿಮೋಟು ಹುಡುಕುತ್ತಾ ಕೂತರೆ ಆಗುತ್ತದೆಯೇ?

ಆದರೆ ಆ ಧಾರಾವಾಹಿಯ ಮರುಪ್ರಸಾರ ಸ್ವಲ್ಪ ದಿನಕ್ಕೇ ನಿಂತುಹೋಯಿತು. ಪೆಟ್ಟಿಗೆಯಲ್ಲಿ ಹಿಡಿದಿಟ್ಟಿದ್ದು ಕೆಲವೇ ಕಂತು. ನಂಜುಂಡಪ್ಪನವರಿಗೆ ಅವೆಲ್ಲ ಬಾಯಿಪಾಠವಾಗಿ ಬೇಸರ ಬರತೊಡಗಿತು. ಬೇರೆ ಧಾರಾವಾಹಿ ಹಾಕಿದರೆ ಬಾಯಿ ಬಿಡುತ್ತಿರಲಿಲ್ಲ. ಅವರಿಗೆ ಆ ತಾತನೇ ಬೇಕು.

ಆ ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಿಕೆಯನ್ನು ಗಿರಿಜಮ್ಮ ನನ್ನ ಕೈಗೆ ತಂದುಕೊಟ್ಟರು. ಓದಿ ನೋಡಿದರೆ ದಾರಿಯೊಂದು ಇತ್ತು. ಪೆಟ್ಟಿಗೆಗೆ ಇಂಟರ್‌ನೆಟ್ ಸಂಪರ್ಕ ಕೊಟ್ಟರೆ, ಡಿಶ್ಶಿನಲ್ಲಿ ಬಾರದ ಹಳೆಯ ಕಾರ್ಯಕ್ರಮಗಳನ್ನೂ ಬೇಕಾದಾಗ ತರಿಸಿಕೊಳ್ಳಬಹುದು. ಅವರ ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ನಮ್ಮ ಮನೆಯದನ್ನೇ ಕಾಂಪೌಂಡಿನ ಮೇಲೆ ಒಂದು ಉದ್ದನೆಯ ತಂತಿ ಎಳೆದು ಕೊಟ್ಟೆವು. ಆಮೇಲೆ ಪೆಟ್ಟಿಗೆ ಕೇಳಿದ ಖಾತೆಯ ಪಾಸ್‌ವರ್ಡಿನ ಅಕ್ಷರಗಳನ್ನು ರಿಮೋಟಿನಲ್ಲಿ ಒಂದೊಂದಾಗಿ ಹುಡುಕಿ ಒತ್ತುವಷ್ಟರಲ್ಲಿ ನನ್ನ ಬೆರಳು ನೊಂದಿತು. ಕೊನೆಗೆ ಪರದೆಯ ಮೇಲೆ ಆ ತಾತನ ಚಿತ್ರ ಮೂಡಿತು, ಅದರ ಕೆಳಗೆ ಸಾಲಾಗಿ ಕಂತುಗಳು, ಮೊದಲನೆಯದರಿಂದ ಕೊನೆಯದರ ತನಕ. ನಂಜುಂಡಪ್ಪನವರು ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿದರು, ಹರಾಜು ಮುಗಿಸುವವರ ಹಾಗೆ.

ನಮ್ಮ ಇಂಟರ್‌ನೆಟ್ ವೇಗದ್ದೇನೂ ಅಲ್ಲ. ಒಂದು ಕಂತು ಪೂರ್ತಿ ಬಂದು ಸೇರುವುದಕ್ಕೆ ಬೆಳಗಿನ ಹೊತ್ತೆಲ್ಲ ಹಿಡಿಯುತ್ತಿತ್ತು. ಯಾರಾದರೂ ಕೇಳಿದರೆ ಗಿರಿಜಮ್ಮ, "ಇಳೀತಾ ಅದೆ, ಇಳೀತಾ ಅದೆ, ಒಸಿ ತಡೀರಿ," ಎನ್ನುತ್ತಿದ್ದರು, ಒಲೆಯ ಮೇಲೆ ಡಿಕಾಕ್ಷನ್ ಇಟ್ಟವರಂತೆ.

ಒಂದು ದಿನ ಪರದೆಯ ಮೇಲೆ ಹೊಸದೊಂದು ಸಾಲು ಕಾಣಿಸಿತು. ಈ ಧಾರಾವಾಹಿಯನ್ನು ಬೇಗನೆ ಪಟ್ಟಿಯಿಂದ ತೆಗೆಯಲಾಗುತ್ತದೆ ಎಂದು ಅದು ಹೇಳುತ್ತಿತ್ತು. ಅಷ್ಟರೊಳಗೆ ತರಿಸಿಟ್ಟುಕೊಂಡದ್ದು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಉಳಿದದ್ದು ಸಿಗುವುದಿಲ್ಲ. ತರಿಸೋಣವೆಂದರೆ ಪೆಟ್ಟಿಗೆ ತುಂಬಿಹೋಗಿತ್ತು. ಅದರಲ್ಲಿ ತುಂಬಿದ್ದದ್ದೆಲ್ಲ ಗಿರಿಜಮ್ಮನವರ ಸ್ವಂತ ಧಾರಾವಾಹಿಗಳೇ. ಗಂಡ ಮಲಗಿದಂದಿನಿಂದ ನೋಡಲು ಪುರುಸೊತ್ತಾಗದೆ, ಮುಂದೆ ಯಾವತ್ತಾದರೂ ನೋಡೋಣವೆಂದು ಕೂಡಿಸಿಟ್ಟುಕೊಂಡದ್ದು. ಯಾವುದನ್ನು ಅಳಿಸಲಿ ಎಂದು ನಾನು ಅವರ ಮುಖ ನೋಡಿದೆ.

"ನನ್ನವೆಲ್ಲ ಅಳಿಸ್ಬುಡಿ."

"ಎಲ್ಲವನ್ನೂ ಬೇಡ ಗಿರಿಜಮ್ಮ. ನಿಮಗೆ ಇಷ್ಟವಾದದ್ದು ಒಂದಾದರೂ ಇರಲಿ."

"ಅಳಿಸಿ ಅಂದ್ನಲ್ಲ. ಅದರ ಕತೆ ಜಯಿ ಹೇಳ್ತಾಳೆ ಬುಡಿ."

ಮಾರನೆಯ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಗಿರಿಜಮ್ಮ ಗೇಟಿಗೆ ಒರಗಿಕೊಂಡು ನಿಂತಿದ್ದರು. ಹೂವಿನ ಬುಟ್ಟಿ ಇಳಿಸಿಕೊಂಡಿದ್ದ ಜಯಮ್ಮನನ್ನು, "ಮೊದಲಿಂದ ಹೇಳೇ. ಆ ಹುಡುಗಿ ಮನೆ ಬುಟ್ಟು ಹೋದ್ಮೇಲೆ ಏನಾಯ್ತು?" ಎಂದು ಕೇಳುತ್ತಿದ್ದರು. ಜಯಮ್ಮ ಮೊಳ ಹಾಕುವುದನ್ನೂ ಮರೆತು, ನಂಬಲಾರದೆ ಅವರ ಮುಖವನ್ನೇ ನೋಡುತ್ತಿದ್ದಳು.

ಮಾತು ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಕೊನೆಯ ಪದ, ಆಮೇಲೆ ಅರ್ಧ ಮಾತು, ಆಮೇಲೆ ತಾತನಿಗಿಂತ ಮುಂಚೆಯೇ ತಾತನ ಮಾತು. ಆದರೆ ಅದೆಲ್ಲ ಧಾರಾವಾಹಿಯವರ ಮಾತು. ನಂಜುಂಡಪ್ಪನವರ ಸ್ವಂತ ಮಾತು ಬಂದದ್ದು ಒಂದು ಭಾನುವಾರ, ಊಟದ ತಟ್ಟೆಯ ಮುಂದೆ. ಅಂದು ಗಿರಿಜಮ್ಮ ಮನೆಯೊಳಗಿಂದಲೇ ಇಡೀ ಬೀದಿಗೆ ಕೇಳುವಂತೆ ಕೂಗಿಕೊಂಡರು. ಏನಾಯಿತೋ ಎಂದು ನಾನು ಓಡಿದೆ.

"ಉಪ್ಪು ಜಾಸ್ತಿ ಅಂದ್ಬುಟ್ರು ಕಣಮ್ಮ! ಉಪ್ಪು ಜಾಸ್ತಿ ಅಂತ, ನನಗೆ ಬೈದ್ರು!"

ನಂಜುಂಡಪ್ಪನವರು ಸಾರು ಕಲಸಿದ ಎಡಗೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು, ತಾವು ಮಾಡಿದ ತಪ್ಪೇನೆಂದು ತಿಳಿಯದವರಂತೆ ಕೂತಿದ್ದರು. ಗಿರಿಜಮ್ಮ ಅಳುತ್ತಾ ನಗುತ್ತಾ, "ನಾಳೆ ಇನ್ನೊಂದ್ ಒಸಿ ಹಾಕ್ತೀನಿ, ಇರಿ," ಎಂದರು.

ಅವರ ಮಾತು ಮೊದಲಿನ ಹಾಗೆ ಆಗಲೇ ಇಲ್ಲ. ಮಂಡಿಯ ಕಂಠ ಮರಳಲಿಲ್ಲ. ಆದರೆ ನಿಧಾನವಾಗಿ, ಪದಗಳ ನಡುವೆ ಉಸಿರು ತೆಗೆದುಕೊಂಡು, ಬೇಕಾದ್ದನ್ನು ಹೇಳುವಷ್ಟಾಯಿತು. ಸಂಜೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತು, ಶಾಲೆಯಿಂದ ಬರುವ ನನ್ನನ್ನು "ಬಂದ್ರಾ?" ಎಂದು ಕೇಳುವುದು ರೂಢಿಯಾಯಿತು. ಹಾಗೆ ಕೆಲವು ವರ್ಷ ಕಳೆದವು.

ಗಿರಿಜಮ್ಮನವರಿಗೇ ಏನಾದರೂ ಆಗಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಈ ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಹಸಿರು ಹೊದಿಕೆಯೊಳಗೆ ಅವರು ಬಹಳ ಸಣ್ಣವರಾಗಿ ಕಂಡರು. ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ: "ಟೀಚರಮ್ಮ, ಅವರಿಗೆ ಟೀವಿ ಹಾಕಿದ್ರೆ ಸುಮ್ನೆ ಓಡಿಸ್ಬೇಡಿ. ನಿಲ್ಲಿಸಿ ನಿಲ್ಲಿಸಿ ಓಡ್ಸಿ. ಬುಟ್ಬುಟ್ರೆ ಮರ್ತೋಗ್ತಾರೆ." ಹಾಗೇ ಮಾಡುತ್ತೇನೆ ಎಂದೆ. ಅದೇ ಕೊನೆ. ಎರಡು ದಿನಕ್ಕೆ ಅವರನ್ನು ಮನೆಗೆ ತಂದಾಗ ಬೀದಿಯೆಲ್ಲ ಬಂದು ನಿಂತಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಕವಿತಾ ಅಪ್ಪನನ್ನು ಚಾಮರಾಜನಗರದ ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಹೊರಡುವ ದಿನ ಮಧ್ಯಾಹ್ನ ನಾನು ಹೋದೆ. ಕವಿತಾ ಒಳಗೆ ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ನಂಜುಂಡಪ್ಪನವರು ಟೀವಿಯ ಮುಂದಿನ ಕುರ್ಚಿಯಲ್ಲಿದ್ದರು.

"ಹಾಕಿ," ಎಂದರು.

ನಾನು ತಾತನ ಧಾರಾವಾಹಿ ಹಾಕಿದೆ. ಗಿರಿಜಮ್ಮನವರಿಗೆ ಕೊಟ್ಟ ಮಾತು ನೆನಪಿತ್ತು. ತಾತ ಬಾಯಿ ತೆರೆದು ಅರ್ಧ ಮಾತು ಆಡುತ್ತಿದ್ದಂತೆ ನಿಲ್ಲಿಸಿ ಕಾದೆ. ನಂಜುಂಡಪ್ಪನವರು ತಲೆ ಅಲ್ಲಾಡಿಸಿದರು.

"ನಿಲ್ಲಿಸ್ಬೇಡಿ."

ಅವರು ಉಸಿರು ತೆಗೆದುಕೊಂಡು, ಒಂದೊಂದೇ ಪದವನ್ನು ಹುಡುಕಿ ತಂದು ಜೋಡಿಸಿದರು.

"ಅವಳು... ಒಂದನ್ನೂ... ಪೂರ್ತಿ ನೋಡ್ಲಿಲ್ಲ. ನನ್ನಿಂದ." ಎಡಗೈಯಿಂದ ಟೀವಿಯನ್ನು ತೋರಿಸಿ, "ಕೊನೇಲಿ ಏನಾಗ್ತದೆ... ನೋಡೋಣ," ಎಂದರು.

ನಾನು ರಿಮೋಟನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ. ಒಳಗಿನಿಂದ ಕವಿತಾ ಕೂಡ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಕಳೆದುಹೋದ ಕನ್ನಡಕಕ್ಕಾಗಿ ತಾತ ಮನೆಯವರನ್ನೆಲ್ಲ ಬೈದ, ಆಮೇಲೆ ಅದು ತನ್ನ ಜೇಬಿನಲ್ಲೇ ಸಿಕ್ಕಿ, ಯಾರಿಗೂ ಹೇಳದೆ ಹಾಕಿಕೊಂಡು ಪೇಪರ್ ಓದುತ್ತಾ ಕೂತ. ಅಷ್ಟೇ ಕತೆ. ನಂಜುಂಡಪ್ಪನವರು ಒಮ್ಮೆ ಸಣ್ಣಗೆ ನಕ್ಕರು. ನಟರ ಹೆಸರುಗಳು ಬಂದವು, ಬರೆದವರ ಹೆಸರು, ಬಟ್ಟೆ ಹೊಲಿದವರ ಹೆಸರು, ದೀಪ ಹಿಡಿದವರ ಹೆಸರು. ಕೊನೆಯ ಹೆಸರು ಮೇಲೇರಿ ಪರದೆ ಕಪ್ಪಾಗುವವರೆಗೆ ನಮ್ಮಲ್ಲಿ ಯಾರೂ ಏಳಲಿಲ್ಲ.