ಹೆಸರು ಹೇಳದ ಕಡಲಿಗೆ ದೊಡ್ಡವ್ವನ ಗ್ಯಾಂಗು

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಕೇಳಿದವರಿಗೆಲ್ಲ ಕುಮಟಾ ದಾಟಿದ ಮೇಲೆ ಎಲ್ಲೋ ಬಲಕ್ಕೆ ತಿರುಗಬೇಕು ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಹೆಸರು ಹೇಳಿದರೆ ಮುಗಿಯಿತು. ಮುಂದಿನ ವರ್ಷ ಅಲ್ಲೂ ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ, ಒಂಟೆ ಬರುತ್ತದೆ, ಒಂಟೆಯ ಹಿಂದೆ ಮೊಬೈಲು ಹಿಡಿದವರು ಬರುತ್ತಾರೆ. ಇದನ್ನು ಹೊಟ್ಟೆಕಿಚ್ಚು ಎನ್ನಿ, ಸಣ್ಣತನ ಎನ್ನಿ, ನನಗೇನೂ ಬೇಜಾರಿಲ್ಲ. ಹೆಸರಾಂತ ಊರಿಗೆ ಹೋಗಿ ಒಮ್ಮೆ ಕೈ ಸುಟ್ಟುಕೊಂಡವಳು ನಾನು. ನಾನೊಬ್ಬಳೇ ಸುಟ್ಟುಕೊಂಡಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ದೊಡ್ಡವ್ವನನ್ನೂ ಕರೆದುಕೊಂಡು ಹೋಗಿದ್ದೆ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಘಟ್ಟದ ಸಿದ್ದಾಪುರವಲ್ಲ, ನಮ್ಮ ಬಯಲುಸೀಮೆಯ ಸಿದ್ದಾಪುರದ ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವ ಆರು ಹೆಂಗಸರ ಗ್ಯಾಂಗಿಗೆ ಅವಳೇ ಮುಂದಾಳು. ಯಾರ ಗದ್ದೆಗೆ ಯಾವತ್ತು ಇಳಿಯಬೇಕು, ಯಾರು ಸಾಲಿನ ತುದಿಗೆ ನಿಲ್ಲಬೇಕು ಎಲ್ಲ ಅವಳು ಹೇಳಿದಂತೆ. ಸಸಿ ಹಚ್ಚುವವರು ಮುಂದಕ್ಕೆ ನಡೆಯುವುದಿಲ್ಲ. ಕೆಸರಿನಲ್ಲಿ ಸಾಲಾಗಿ ಬಗ್ಗಿ, ಹಚ್ಚಿದ್ದನ್ನು ತುಳಿಯದಂತೆ ಹಿಂದಹಿಂದಕ್ಕೆ ಸರಿಯುತ್ತಾರೆ. ಹೀಗೆ ಸರಿಯಲು ಶುರು ಮಾಡಿದಾಗ ದೊಡ್ಡವ್ವನಿಗೆ ಹತ್ತು ವರ್ಷ. ಈಗ ಅರವತ್ತು ದಾಟಿದೆ. ಆಧಾರ್ ಕಾರ್ಡು ಒಂದು ಹೇಳುತ್ತದೆ, ಅವಳು ಇನ್ನೊಂದು ಹೇಳುತ್ತಾಳೆ.

ನಾನು ಕುಷ್ಟಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೋದ ವರ್ಷ ಎರಡನೇ ಬೆಳೆಯ ನಾಟಿ ಮುಗಿದಾಗ, "ಇಷ್ಟು ವರ್ಷ ನೀರಾಗ ದುಡದೀರಿ, ಒಮ್ಮೆ ಸಮುದ್ರ ನೋಡ್ಕೊಂಡು ಬರೂಣ ಬರ್ರಿ" ಎಂದು ಗ್ಯಾಂಗನ್ನೆಲ್ಲ ಬಾಡಿಗೆಯ ಕ್ರೂಸರ್ ಗಾಡಿ ಹತ್ತಿಸಿದ್ದೆ. ಮೊಬೈಲಿನಲ್ಲಿ ಚಂದ ಕಂಡ ಊರನ್ನೇ ಆರಿಸಿದ್ದೆ. ಹೋಗಿ ನೋಡಿದರೆ ನೀರಿಗಿಂತ ಜನವೇ ಹೆಚ್ಚು. ಆದರೂ ಆರೂ ಜನ ಗದ್ದೆಗಿಳಿಯುವಾಗಿನಂತೆ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಗಂಗವ್ವಾ ಎಂದು ಕೈಮುಗಿದು ಹೊರಟರು. ಅಷ್ಟರಲ್ಲಿ ನಾಲ್ಕು ಹುಡುಗರು ಮೊಬೈಲು ಎತ್ತಿಕೊಂಡು ಸುತ್ತ ನಿಂತರು. ಇವರ ಕಾಲು, ಇವರ ಸೀರೆ, ಇವರು ಕೈಮುಗಿದದ್ದು ಎಲ್ಲವೂ ಅವರಿಗೆ ತಮಾಷೆ. "ಆಂಟೀ, ಒಂದು ಡ್ಯಾನ್ಸ್" ಎಂದ ಒಬ್ಬ.

ದೊಡ್ಡವ್ವ ಅವನನ್ನು ಬೈಯಲಿಲ್ಲ. ಊರಲ್ಲಾಗಿದ್ದರೆ ಅವನ ಏಳು ತಲೆಮಾರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಅಲ್ಲಿ ಸೀರೆ ಇಳಿಬಿಟ್ಟು, ಪಾದ ಕೂಡ ತೋಯಿಸದೆ ತಿರುಗಿ ಬಂದು ಗಾಡಿ ಹತ್ತಿದಳು. ಉಳಿದ ಐವರೂ ಹಿಂದೆಯೇ ಬಂದರು. ಅವಳು ಬಾಯಿ ಮುಚ್ಚಿಕೊಂಡು ಬಂದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹುಬ್ಬಳ್ಳಿ ದಾಟಿದ ಮೇಲೆ ಒಂದೇ ಮಾತು ಆಡಿದಳು.

"ಈ ಜಲ್ಮದಾಗ ಇನ್ನ ಸಮುದ್ರದಾಗ ಕಾಲಿಡೂದಿಲ್ಲ. ನೀ ಶಾಣ್ಯಾಕಿ ಅಂತ ನಿನ್ನ ಹಿಂದ ಬಂದೆ ನೋಡು, ನನ್ನ ಬುದ್ಧಿಗಿ ಬೆಂಕಿ ಹಚ್ಚ."

ಆಮೇಲೆ ವರ್ಷವಿಡೀ ಹಾಗೇ. ಫೋನ್ ಮಾಡಿದರೆ "ಹೂಂ, ಆರಾಮ ಅದೀನಿ" ಎಂದು ಇಟ್ಟುಬಿಡುವಳು. ಅವ್ವ ತೀರಿಕೊಂಡ ಮೇಲೆ ಏನು ಉಂಡೆ, ಯಾಕೆ ಸೊರಗಿದ್ದೀ ಎಂದು ಕೇಳುವವಳು ನನಗೆ ಅವಳೊಬ್ಬಳೇ. ಅದೂ ನಿಂತುಹೋಯಿತು. ತಪ್ಪು ನನ್ನದೇ, ಅದು ನನಗೂ ಗೊತ್ತು. ಹಾಗಾಗಿ ಈ ವರ್ಷ ಏನಾದರಾಗಲಿ, ಅವಳನ್ನು ಸಮುದ್ರಕ್ಕೆ ಇಳಿಸಿಯೇ ಸೈ ಎಂದು ಹಟ ಹಿಡಿದೆ.

ನಮ್ಮ ಶಾಲೆಯಲ್ಲಿ ಕರಾವಳಿ ಕಡೆಯ ಮೇಷ್ಟ್ರೊಬ್ಬರಿದ್ದಾರೆ. ಅವರನ್ನು ಹಿಡಿದು, "ಜನ ಹೋಗದ ದಂಡಿ ಯಾವುದರ ಐತೇನ್ರಿ ನಿಮ್ಮ ಕಡೆ?" ಎಂದೆ.

"ನಮ್ಮ ಅಜ್ಜಿಮನೆ ಹತ್ರ ಒಂದುಂಟು. ಆದ್ರೆ ಅಲ್ಲಿ ನೋಡುವಂಥದ್ದು ಎಂತದೂ ಇಲ್ಲ ಮೇಡಂ."

"ಏನೂ ಇಲ್ಲದ್ದ ಬೇಕಾಗೇತ್ರಿ ನನಗ."

ಅವರು ದಾರಿ ಬರೆದುಕೊಟ್ಟರು. ದೊಡ್ಡವ್ವ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಗ್ಯಾಂಗಿನ ಐವರೂ, ನೀ ಬರದಿದ್ದರೆ ನಾವೂ ಒಲ್ಲೆವು ಎಂದು ಕೂತಾಗ ಬುತ್ತಿಯ ಬುಟ್ಟಿ ಎತ್ತಿಕೊಂಡಳು. "ಬರತೀನಿ. ಆದ್ರ ನೀರಿಗಿ ಇಳಿಯೂದಿಲ್ಲ. ದಂಡ್ಯಾಗ ಕುಂತು ನಿಮ್ಮ ಬುತ್ತಿ ಕಾಯತೀನಿ, ಅಷ್ಟ."

ಬೆಳಗಿನ ಎಂಟಕ್ಕೆ ತಲುಪಿದೆವು. ಗಾಳಿಮರಗಳ ತೋಪು ದಾಟಿದರೆ ಎದುರಿಗೆ ಮರಳು, ಮರಳಾಚೆ ಕಡಲು. ಅಷ್ಟೇ. ಎಳೆದು ನಿಲ್ಲಿಸಿದ ಮೂರು ದೋಣಿ, ಅದರ ನೆರಳಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ಹೆಂಗಸು, ಸ್ವಲ್ಪ ದೂರ ಇಬ್ಬರು ಗಂಡಸರು. ಅಂಗಡಿಯಿಲ್ಲ, ಮೈಕಿಲ್ಲ. ಅಲೆ ಬಂದು ಮರಳಿನ ಮೇಲೆ ಹರಡಿ ವಾಪಸ್ಸು ಹೋಗುವ ಸಪ್ಪಳ ಕೊನೆತನಕ ಕೇಳಿಸುತ್ತಿತ್ತು. ಇಂಥ ಜಾಗವನ್ನು ಇಟ್ಟುಕೊಂಡು ಆ ಮೇಷ್ಟ್ರು ಎಂತದೂ ಇಲ್ಲ ಅನ್ನುತ್ತಾರಲ್ಲ ಎಂದು ನನಗೆ ನಗು ಬಂತು. ನಮ್ಮ ಐವರು ಸೀರೆ ಎತ್ತಿ ಕಟ್ಟತೊಡಗಿದಾಗ ಇನ್ನೂ ಒಂದು ಕಂಡೆ. ಆ ಇಬ್ಬರು ಗಂಡಸರು, ಯಾರೂ ಹೇಳದಿದ್ದರೂ, ತಮ್ಮ ಹಗ್ಗ ಎತ್ತಿಕೊಂಡು ದೋಣಿಗಳ ಆಚೆ ಬದಿಗೆ ಹೋಗಿ ಕೂತರು. ಅಲ್ಲಿಂದ ನಾವು ಕಾಣುತ್ತಿರಲಿಲ್ಲ. ಎಂಥ ಮಂದಿಯಪ್ಪ ಇವರು ಎಂದುಕೊಂಡೆ.

ದೊಡ್ಡವ್ವ ರೊಟ್ಟಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮರಳಲ್ಲಿ ಕೂತಳು. ಅವಳ ಪಕ್ಕ ನಾನು. ಐವರು ನೀರಿನ ಅಂಚಿಗೆ ಹೋಗಿ, ಮುಟ್ಟಿ ಹಣೆಗೆ ಹಚ್ಚಿಕೊಂಡು, ಕೈ ಕೈ ಹಿಡಿದು ಮೊಣಕಾಲುದ್ದ ಇಳಿದರು. ಇಳಿದವರು ಸುಮ್ಮನಿರಬೇಕಲ್ಲ, ಇತ್ತ ತಿರುಗಿ ಕರೆಯಲು ಶುರು ಮಾಡಿದರು.

"ಬಾರಬೇ ಯಕ್ಕಾ! ಯಾರೂ ಇಲ್ಲ ಇಲ್ಲಿ!"

"ನೀರು ಬೆಚ್ಚಗ ಐತಿ, ಬಾ!"

ದೊಡ್ಡವ್ವ ಮುಖ ಆಚೆ ತಿರುಗಿಸಿದಳು. ಇವರು ಕರೆಯುತ್ತ, ನಗುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಹೋದರು. ನೀರಿನಲ್ಲಿ ಸಾಲಾಗಿ ನಿಂತರೆ ಅವರ ಕಾಲು ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ಅಭ್ಯಾಸ. ಗದ್ದೆಯಲ್ಲಿ ಬೆನ್ನ ಹಿಂದಿನಿಂದ ಏನೂ ಬರುವುದಿಲ್ಲ. ಕಡಲಲ್ಲಿ ಬರುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನಾಲ್ಕು ಅಕ್ಷರ ಕಲಿತ ನನಗೂ ಹೊಳೆಯಲಿಲ್ಲ. ಎದೆಯೆತ್ತರದ ಅಲೆಯೊಂದು ಬಂದು ಐವರನ್ನೂ ಒಟ್ಟಿಗೆ ಕೆಡವಿತು.

ನಾನು "ಅಯ್ಯಯ್ಯೋ" ಎನ್ನುವಷ್ಟರಲ್ಲಿ ಪಕ್ಕದಲ್ಲಿ ಬುಟ್ಟಿ ಮಾತ್ರ ಇತ್ತು. ಮೊಣಕಾಲು ನೋವೆಂದು ಕ್ರೂಸರ್ ಇಳಿಯಲು ನನ್ನ ಭುಜ ಹಿಡಿದವಳು ಓಡಿದ ಓಟವನ್ನು ನೋಡಬೇಕಿತ್ತು. ಸೀರೆ ಎತ್ತಿ ಕಟ್ಟಲಿಲ್ಲ, ಕೈಮುಗಿಯಲೂ ಇಲ್ಲ. ನೇರ ನೀರಿಗೆ ನುಗ್ಗಿ, ಎಲ್ಲರಿಗಿಂತ ಸಣ್ಣವಳ ರಟ್ಟೆ ಹಿಡಿದು ಎತ್ತಿದಳು. ಬಾಯಿ ಅಷ್ಟೇ ಜೋರಾಗಿ ನಡೆದಿತ್ತು.

"ನಿಮ್ಮ ಬಾಯಾಗ ಮಣ್ಣ ಹಾಕ! ಇಲ್ಲೇನು ಸಸಿ ಹಚ್ಚಾಕ ಬಂದೀರೇನು, ಹಿಂದಹಿಂದಕ ಹೊಂಟೀರಿ? ಏಳ, ಏಳ ಹುಚ್ಚವ್ವ, ಉಗುಳು ನೀರು!"

ಬಲೆ ಬಿಡಿಸುತ್ತಿದ್ದ ಹೆಂಗಸೂ ಓಡಿ ಬಂದು ಇನ್ನಿಬ್ಬರನ್ನು ಎಬ್ಬಿಸಿದಳು. ಯಾರಿಗೂ ಪೆಟ್ಟಾಗಿರಲಿಲ್ಲ, ಬಾಯಿ ತುಂಬ ಉಪ್ಪು, ಕೂದಲ ತುಂಬ ಮರಳು, ಅಷ್ಟೇ. "ಸಮುದ್ರಕ್ಕೆ ಬೆನ್ನು ಹಾಕಬೇಡಿ ಅಮ್ಮಾ. ಮುಖ ಕೊಟ್ಟು ನಿಲ್ಲಿ, ಈ ಕಲ್ಲಿನಿಂದ ಈಚೆ ಇರಿ, ಎಂತ ಆಗೂದಿಲ್ಲ" ಎಂದಳು. ಹೇಳಿ, ನಗಾಡದೆ, ನಿಂತು ನೋಡದೆ, ಮತ್ತೆ ತನ್ನ ಬಲೆಗೆ ಹೋದಳು.

"ಕೇಳಿದ್ರಿಲ್ಲ? ಮಾರಿ ಆ ಕಡೆ ಮಾಡ್ರಿ" ಎಂದು ದೊಡ್ಡವ್ವ ಹುಕುಂ ಮಾಡಿದಳು. ಸಾಲು ತಿರುಗಿತು. ಅವಳು ನಡುವೆ ನಿಂತಳು. ಆಗ ಅವಳಿಗೆ ತಾನೆಲ್ಲಿದ್ದೇನೆ ಎಂಬುದು ಗೊತ್ತಾಯಿತು ಎನಿಸುತ್ತದೆ, ತಲೆ ಬಗ್ಗಿಸಿ ಸೊಂಟದವರೆಗಿನ ನೀರನ್ನೊಮ್ಮೆ ನೋಡಿಕೊಂಡಳು. ಐವರೂ ಉಸಿರು ಬಿಗಿಹಿಡಿದರು. ಒಬ್ಬಳು ಕಿಸಕ್ಕೆಂದಿದ್ದರೂ ಅವಳು ಎದ್ದು ಬರುತ್ತಿದ್ದಳು, ಆಣೆ ಮಾಡಿದವಳಲ್ಲವೇ. ನಾನು ದಂಡೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಮುಂದಿನ ಅಲೆ ಬಂತು. ದೊಡ್ಡವ್ವ ದಂಡೆಯ ಕಡೆ ತಿರುಗಲಿಲ್ಲ. ಅಲೆ ಎದೆಗೆ ಬಡಿದು ಒಡೆದಾಗ "ಎವ್ವಾ!" ಎಂದು ಕೂಗಿ, ಸಾಲಿನ ಆಚೀಚೆಯವರ ಕೈ ಹಿಡಿದು, ನಕ್ಕಳು ನೋಡಿ. ಆ ನಗೆಯನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಹಲ್ಲಿಲ್ಲದ ಬಾಯಿ ತೆರೆದು, ಮುಖದ ನೀರು ಒರೆಸಿಕೊಳ್ಳದೆ, "ಇನ್ನೊಂದು ಬಂತು, ಇನ್ನೊಂದು ಬಂತು" ಎಂದು ಕೈ ತೋರಿಸಿ ನಗುತ್ತಿದ್ದಳು.

ಬಿಸಿಲೇರಿತು. ಐವರೂ ಸಾಕಾಗಿ ಒಬ್ಬೊಬ್ಬರೇ ಮೇಲೆ ಬಂದರು. ಬಲೆಯ ಹೆಂಗಸು ಬಂದು, ಮನೆ ಇಲ್ಲೇ ತೋಪಿನ ಹಿಂದೆ, ಬಾವಿಯ ಸಿಹಿನೀರಿದೆ, ಗರಿ ಕಟ್ಟಿದ ಬಚ್ಚಲಿದೆ, ಉಪ್ಪು ತೊಳೆದು ಸೀರೆ ಬದಲಿಸಿಕೊಳ್ಳಿ ಎಂದು ಅವರನ್ನು ಕರೆದುಕೊಂಡು ಹೋದಳು. ಗುರುತಿಲ್ಲದ ಆರೇಳು ಜನಕ್ಕೆ ನೀರು ಸೇದಿಕೊಡುವ ಪುಣ್ಯಾತ್ಗಿತ್ತಿ.

ದೊಡ್ಡವ್ವ ಮಾತ್ರ ಇನ್ನೂ ನೀರಲ್ಲೇ ಇದ್ದಳು, ಒಬ್ಬಳೇ. ಕರೆದೆ, ಕೇಳಲಿಲ್ಲ. ಕೊನೆಗೆ ನಾನೇ ಇಳಿದು ಹತ್ತಿರ ಹೋದೆ.

"ಸಾಕ ಬಾ ದೊಡ್ಡವ್ವಾ, ಥಂಡಿ ಹತ್ತತೈತಿ. ಎಲ್ಲಾರೂ ಹೋದ್ರು."

ಅವಳು ಕಡಲಿನಿಂದ ಕಣ್ಣು ತೆಗೆಯಲಿಲ್ಲ. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ತಡಿ ಮಗಳ. ನೀರಾಗ ನಿಂತು ಬೆನ್ನ ನೆಟ್ಟಗ ಮಾಡಿದ್ದು ಇದ ಮೊದಲ."